ಔಷಧಿ ಬೇರು ಈಗ ಟ್ಯಾಂಕಿನಲ್ಲೂ ಬೆಳೆಯುತ್ತದೆ. ಕಾಡಿನ ಬೇರು ಉಳಿಯುತ್ತದೆಯೇ?

ಮುಂಬೈನ ಮಾತುಂಗಾದಲ್ಲೋ ಚೆನ್ನೈನ ಮೈಲಾಪುರದಲ್ಲೋ ಹುಡುಕಿದರೆ ಮಾಗಳಿ ಬೇರಿನ ಉಪ್ಪಿನಕಾಯಿ ಸಿಗುತ್ತದೆ. ಮಜ್ಜಿಗೆಯಲ್ಲಿ ನೆನೆದ ಆ ಬಿಳಿ ತುಂಡುಗಳ ವಾಸನೆ ಕೆಲವರಿಗೆ ಪಂಚಪ್ರಾಣ. ಇನ್ನು ಕೆಲವರು 'ತಿಗಣೆ ವಾಸನೆ' ಎಂದು ಮೂಗು ಮುಚ್ಚಿಕೊಳ್ಳುತ್ತಾರೆ. ಊರಿನಿಂದ ಬರುವ ಅಮ್ಮನೋ ಅತ್ತೆಯೋ ಬಾಟಲಿ ತುಂಬಿಸಿ ತಂದರೆ ವರ್ಷವಿಡೀ ಮೊಸರನ್ನಕ್ಕೆ ಜೊತೆಯಾಗುವ ಉಪ್ಪಿನಕಾಯಿ ಇದು.

ಆದರೆ ಈ ಬೇರು ಬಹುಪಾಲು ಬರುವುದು ತೋಟದಿಂದಲ್ಲ, ಕಾಡಿನಿಂದ. ಡೆಕಲೆಪಿಸ್ ಹ್ಯಾಮಿಲ್ಟೋನಿ ಎಂಬ ಹೆಸರಿನ ಈ ಬಳ್ಳಿ ದಕ್ಷಿಣ ಭಾರತದ ಒಣ ಬೆಟ್ಟಗಳಲ್ಲಿ, ಬಂಡೆಗಳ ಸಂದಿನಲ್ಲಿ ಬೆಳೆಯುತ್ತದೆ. ಎಲೆ ಕಿತ್ತರೆ ಗಿಡ ಮತ್ತೆ ಚಿಗುರುತ್ತದೆ, ಹಣ್ಣು ಕಿತ್ತರೆ ಮುಂದಿನ ವರ್ಷ ಮತ್ತೆ ಬಿಡುತ್ತದೆ. ಬೇರನ್ನೇ ಅಗೆದು ತೆಗೆದರೆ ಹೆಚ್ಚಿನ ಸಲ ಗಿಡವೇ ಹೋಗುತ್ತದೆ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಈ ಬಳ್ಳಿ 'ಅಳಿವಿನಂಚಿನಲ್ಲಿರುವ' ಸಸ್ಯ.

ಇದಕ್ಕೊಂದು ಪರಿಹಾರ ಇದೆ ಎಂದು ವಿಜ್ಞಾನ ಹೇಳಿ ಈಗ 20 ವರ್ಷ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಮಾಗಳಿ ಬೇರನ್ನು ಮಣ್ಣಿಲ್ಲದೆ, ಗಾಜಿನ ಪಾತ್ರೆಯ ಪೋಷಕ ದ್ರಾವಣದಲ್ಲಿ ಬೆಳೆಸಿದ್ದರು. ಆ ಬೇರಿನಲ್ಲಿ ಅದೇ ಪರಿಮಳದ ಸಂಯುಕ್ತವೂ ಉತ್ಪತ್ತಿಯಾಗಿತ್ತು. ರಾಸಾಯನಿಕವಾಗಿ ಅದು ವೆನಿಲಾದ ಪರಿಮಳ ಕೊಡುವ ವ್ಯಾನಿಲಿನ್‌ನ ಹತ್ತಿರದ ಸಂಬಂಧಿ.

ಹಾಗಿದ್ದರೂ ಇಂದಿಗೂ ಬಾಟಲಿಯೊಳಗೆ ಇರುವುದು ಅಗೆದು ತಂದ ಬೇರೇ. ಏಕೆ? ಔಷಧಿ ಸಸ್ಯಗಳ ಬೇರನ್ನು ಪ್ರಯೋಗಾಲಯದಲ್ಲಿ ಬೆಳೆಸುವ ತಂತ್ರಜ್ಞಾನದ ಬಗ್ಗೆ 'ಇನ್ನು ಕಾಡು ಉಳಿಯಿತು' ಎಂಬ ಧಾಟಿಯ ಸುದ್ದಿಗಳು ಬರುತ್ತಲೇ ಇರುತ್ತವೆ. ಅವುಗಳನ್ನು ಓದುವಾಗ ಈ 'ಏಕೆ' ನೆನಪಿನಲ್ಲಿರಬೇಕು. ಬೇರು ಬೆಳೆಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಯಾವ ಬೇರು, ಯಾವ ಬೆಲೆಗೆ, ಯಾರ ಪಾಲಿಗೆ ಎಂಬುದೇ ಪ್ರಶ್ನೆ.

ಗಿಡವಿಲ್ಲದೆ ಬೇರು ಬೆಳೆಯುವುದು ಹೇಗೆ?

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಸರಳ. ಗಿಡದ ಎಲೆ, ಕಾಂಡ ಅಥವಾ ಬೇರಿನ ಸಣ್ಣ ತುಂಡನ್ನು ಸೋಂಕುರಹಿತಗೊಳಿಸಿ, ಸಕ್ಕರೆ ಮತ್ತು ಖನಿಜ ಲವಣಗಳಿರುವ ದ್ರಾವಣದಲ್ಲಿ ಇಡುತ್ತಾರೆ. ಅದಕ್ಕೆ ಆಕ್ಸಿನ್ ಎಂಬ ಸಸ್ಯ ಹಾರ್ಮೋನು ಸೇರಿಸಿದರೆ ತುಂಡಿನಿಂದ ಬೇರು ಒಡೆಯುತ್ತದೆ. ಗುಲಾಬಿ ಕಡ್ಡಿಯನ್ನು ಬೇರು ಬರಿಸುವ ಪುಡಿಯಲ್ಲಿ ಅದ್ದಿ ನೆಡುತ್ತೇವಲ್ಲ, ಅದೇ ತತ್ವ. ವ್ಯತ್ಯಾಸವೆಂದರೆ ಇಲ್ಲಿ ಬೇರಿಗೆ ಚಿಗುರು ಬರಲು ಬಿಡುವುದಿಲ್ಲ. ಬೇರಿನಿಂದ ಬೇರು, ಆ ಬೇರಿನಿಂದ ಮತ್ತೆ ಬೇರು, ಹೀಗೆ ಬೆಳೆಸುತ್ತಾ ಹೋಗುತ್ತಾರೆ.

ಎರಡನೆಯ ದಾರಿಯಲ್ಲಿ ಒಂದು ಬ್ಯಾಕ್ಟೀರಿಯಾದ ಸಹಾಯ ಬೇಕು. ಮಣ್ಣಿನಲ್ಲಿರುವ ಅಗ್ರೋಬ್ಯಾಕ್ಟೀರಿಯಂ ರೈಜೋಜೀನ್ಸ್ ಎಂಬ ಸೂಕ್ಷ್ಮಜೀವಿ ಗಿಡದ ಗಾಯದ ಮೂಲಕ ಒಳಸೇರಿ, ತನ್ನ ಡಿಎನ್‌ಎಯ ಒಂದು ತುಣುಕನ್ನು ಗಿಡದ ಜೀವಕೋಶಕ್ಕೆ ಸೇರಿಸಿಬಿಡುತ್ತದೆ. ಆ ತುಣುಕಿನ ಪ್ರಭಾವದಿಂದ ಗಾಯವಾದ ಜಾಗದಲ್ಲಿ ಕೂದಲಿನಂತೆ ದಟ್ಟವಾಗಿ ಬೇರುಗಳು ಹುಟ್ಟುತ್ತವೆ. ಹೊಲದಲ್ಲಿ ಇದೊಂದು ರೋಗ. ಪ್ರಯೋಗಾಲಯದಲ್ಲಿ ಇದೇ ವರ. ಏಕೆಂದರೆ ಈ ಕೂದಲುಬೇರುಗಳಿಗೆ ಹೊರಗಿನಿಂದ ಹಾರ್ಮೋನು ಹಾಕಬೇಕಾಗಿಲ್ಲ. ಅವು ವೇಗವಾಗಿ ಕವಲೊಡೆಯುತ್ತವೆ, ವರ್ಷಗಟ್ಟಲೆ ಬೆಳೆಸಿದರೂ ಗುಣ ಬದಲಾಗುವುದು ಕಡಿಮೆ.

ಬೇರನ್ನೇ ಏಕೆ ಬೆಳೆಸಬೇಕು, ಬರೀ ಜೀವಕೋಶ ಬೆಳೆಸಿದರೆ ಸಾಲದೇ ಎಂದು ಕೇಳಬಹುದು. ಕೆಲವು ಗಿಡಗಳಲ್ಲಿ ಸಾಲುತ್ತದೆ, ಹಲವು ಗಿಡಗಳಲ್ಲಿ ಸಾಲದು. ಔಷಧೀಯ ಸಂಯುಕ್ತಗಳನ್ನು ಗಿಡ ಎಲ್ಲ ಭಾಗದಲ್ಲೂ ತಯಾರಿಸುವುದಿಲ್ಲ. ಒಂದೊಂದು ಸಂಯುಕ್ತಕ್ಕೂ ಅದರದೇ ಅಡುಗೆಮನೆ ಇರುತ್ತದೆ. ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪವನ್ನೇ ನೋಡಿ. ಅದರಿಂದ ಸಿಗುವ ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ರಕ್ತದ ಕ್ಯಾನ್ಸರ್ ಸೇರಿದಂತೆ ಹಲವು ಕ್ಯಾನ್ಸರ್‌ಗಳ ಚಿಕಿತ್ಸೆಯಲ್ಲಿ ಬಳಕೆಯಾಗುವ ಔಷಧಗಳು. ಅವುಗಳ ಅರ್ಧ ಭಾಗವಾದ ವಿಂಡೋಲಿನ್ ತಯಾರಾಗುವುದು ಎಲೆಯಲ್ಲಿ. ಹಾಗಾಗಿ ನಿತ್ಯಪುಷ್ಪದ ಬೇರನ್ನು ಎಷ್ಟು ಚೆನ್ನಾಗಿ ಬೆಳೆಸಿದರೂ ಈ ಔಷಧ ಸಿಗದು. ರಕ್ತ ಪರಿಚಲನೆಯ ತೊಂದರೆಗಳಿಗೆ ಬಳಸುವ ಅಜ್ಮಾಲಿಸಿನ್ ಸಿಗುತ್ತದೆ, ಅಷ್ಟೇ. ಅಂದರೆ ಬೇರಿನ ತಂತ್ರಜ್ಞಾನ ಬೇರಿನಲ್ಲೇ ಹುಟ್ಟುವ ಸಂಯುಕ್ತಗಳಿಗೆ ಮಾತ್ರ.

ಸುಖವಾಗಿದ್ದರೆ ಔಷಧಿ ಕಡಿಮೆ

ಇನ್ನೊಂದು ತೊಡಕಿದೆ. ಗಿಡ ಈ ಸಂಯುಕ್ತಗಳನ್ನು ತಯಾರಿಸುವುದು ನಮ್ಮ ಕಾಯಿಲೆ ವಾಸಿ ಮಾಡಲೆಂದಲ್ಲ, ತನ್ನ ರಕ್ಷಣೆಗೆ. ಮಣ್ಣಿನ ಶಿಲೀಂಧ್ರ, ಹುಳು, ಬರಗಾಲ, ಇವೆಲ್ಲವನ್ನು ಎದುರಿಸಲು ಬೇರು ವಿಷವನ್ನೋ ಕಹಿಯನ್ನೋ ಕೂಡಿಡುತ್ತದೆ. ಶತ್ರುವೇ ಇಲ್ಲದ, ಸಕ್ಕರೆ ತುಂಬಿದ ಟ್ಯಾಂಕಿನಲ್ಲಿ ಅದಕ್ಕೆ ಆ ಅಗತ್ಯ ಕಡಿಮೆ. ಬೇರು ದಷ್ಟಪುಷ್ಟವಾಗಿ ಬೆಳೆಯುತ್ತದೆ, ಒಳಗಿನ ಸತ್ವ ಮಾತ್ರ ತೆಳು.

ಅದಕ್ಕೇ ವಿಜ್ಞಾನಿಗಳು ಬೇರಿಗೆ ಬೇಕೆಂದೇ ತೊಂದರೆ ಕೊಡುತ್ತಾರೆ. ಬೆಳವಣಿಗೆ ಮುಗಿಯುವ ಹೊತ್ತಿಗೆ ಮೀಥೈಲ್ ಜಾಸ್ಮೋನೇಟ್ ಅಥವಾ ಸ್ಯಾಲಿಸಿಲಿಕ್ ಆಮ್ಲವನ್ನು ಸೇರಿಸುತ್ತಾರೆ. ಅಪಾಯ ಬಂದಾಗ ಗಿಡಗಳು ತಮ್ಮೊಳಗೆ ರವಾನಿಸುವ ಸಂದೇಶಗಳೇ ಇವು. ಶತ್ರು ಬಂದನೆಂದು ನಂಬಿದ ಬೇರು ಸಂಯುಕ್ತದ ಉತ್ಪಾದನೆ ಹೆಚ್ಚಿಸುತ್ತದೆ. ಪ್ರಮಾಣ ತಪ್ಪಿದರೆ ಬೆಳವಣಿಗೆಯೇ ನಿಂತುಹೋಗುತ್ತದೆ.

ಸಣ್ಣ ಪಾತ್ರೆಯಿಂದ ದೊಡ್ಡ ಟ್ಯಾಂಕಿಗೆ ಹೋಗುವುದಂತೂ ಬೇರೆಯೇ ಸವಾಲು. ಯೀಸ್ಟ್ ಬೆಳೆಸುವ ಟ್ಯಾಂಕಿನಲ್ಲಿ ರೆಕ್ಕೆ ತಿರುಗಿಸಿ ಕಲಕಿದಂತೆ ಇಲ್ಲಿ ಕಲಕಲಾಗದು, ಬೇರು ತುಂಡಾಗುತ್ತದೆ. ಆದ್ದರಿಂದ ಕೆಳಗಿನಿಂದ ಗಾಳಿಯ ಗುಳ್ಳೆ ಬಿಡುತ್ತಾರೆ. ಬೇರು ಬೆಳೆದಂತೆ ಜಡೆಗಟ್ಟಿ ಉಂಡೆಯಾಗುತ್ತದೆ, ಉಂಡೆಯ ನಡುವಿಗೆ ಗಾಳಿ ಹೋಗದೆ ಅಲ್ಲಿ ಕೊಳೆಯತೊಡಗುತ್ತದೆ. ಒಂದೇ ಒಂದು ಬೂಷ್ಟಿನ ಬೀಜಾಣು ಒಳಹೊಕ್ಕರೂ ವಾರಗಟ್ಟಲೆಯ ಬೆಳೆ ಚರಂಡಿಗೆ.

ಗೆದ್ದವರು ಯಾರು?

ಹಾಗೆಂದು ಇದು ಬರೀ ಪ್ರಯೋಗಾಲಯದ ಆಟವಲ್ಲ. ಜಪಾನಿನಲ್ಲಿ ಮುರಾಸಾಕಿ ಎಂಬ ಗಿಡದ ಬೇರಿನಿಂದ ಶಿಕೋನಿನ್ ಎಂಬ ಕೆನ್ನೇರಳೆ ಬಣ್ಣ ಸಿಗುತ್ತದೆ. ಗಾಯಕ್ಕೂ ಹಚ್ಚುತ್ತಿದ್ದರು, ಬಟ್ಟೆಗೂ ಹಾಕುತ್ತಿದ್ದರು. ಗಿಡ ಬಲಿಯಲು ಹಲವು ವರ್ಷ ಬೇಕು. ಕಾಡಿನ ಗಿಡ ಅಪರೂಪವಾಗಿ, ಬೇರನ್ನು ಹೊರದೇಶಗಳಿಂದ ತರಿಸುವ ಪರಿಸ್ಥಿತಿ ಬಂತು. ಮಿತ್ಸುಯಿ ಪೆಟ್ರೋಕೆಮಿಕಲ್ ಕಂಪನಿ ಈ ಗಿಡದ ಜೀವಕೋಶಗಳನ್ನು ಟ್ಯಾಂಕಿನಲ್ಲಿ ಬೆಳೆಸಿ 1983ರಲ್ಲಿ ಶಿಕೋನಿನ್ ಉತ್ಪಾದನೆ ಆರಂಭಿಸಿತು. ಸಸ್ಯ ಜೀವಕೋಶ ಕೃಷಿಯಿಂದ ವಾಣಿಜ್ಯ ಮಾರುಕಟ್ಟೆಗೆ ಬಂದ ಮೊದಲ ಉತ್ಪನ್ನವೆಂದು ಇದನ್ನೇ ಗುರುತಿಸುತ್ತಾರೆ. ಅದು ಮೊದಲು ಹೆಸರು ಮಾಡಿದ್ದು ಔಷಧಿ ಅಂಗಡಿಯಲ್ಲಲ್ಲ, ಕಾನೆಬೊ ಕಂಪನಿಯ ಲಿಪ್‌ಸ್ಟಿಕ್‌ನಲ್ಲಿ.

ಬೇರನ್ನೇ ಬೇರಾಗಿ ಬೆಳೆಸುವುದರಲ್ಲಿ ಮುಂದಿರುವುದು ದಕ್ಷಿಣ ಕೊರಿಯಾ. ಅಲ್ಲಿ ಬೆಟ್ಟದ ಜಿನ್ಸೆಂಗ್‌ಗೆ ಚಿನ್ನದ ಬೆಲೆ. ಅದರ ಬೇರನ್ನು 10,000 ಲೀಟರ್‌ವರೆಗಿನ ಟ್ಯಾಂಕುಗಳಲ್ಲಿ ಬೆಳೆಸಿ ಆಹಾರ ಮತ್ತು ಸೌಂದರ್ಯ ಉತ್ಪನ್ನಗಳಿಗೆ ಬಳಸುತ್ತಾರೆ. ಚುಂಗ್‌ಬುಕ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಕೀ-ಯೊಪ್ ಪೇಕ್ ಈ ಕ್ಷೇತ್ರದ ದೊಡ್ಡ ಹೆಸರು. ಅವರೊಂದಿಗೆ ದೀರ್ಘಕಾಲ ಸಂಶೋಧನೆ ನಡೆಸಿದವರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಎಚ್.ಎನ್. ಮೂರ್ತಿ ಒಬ್ಬರು. ಅಂದರೆ ಈ ವಿದ್ಯೆ ನಮಗೆ ಹೊರಗಿನದಲ್ಲ.

ಅಮೆರಿಕದ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿ ಕ್ಯಾನ್ಸರ್ ಔಷಧ ಟ್ಯಾಕ್ಸಾಲ್ ಅನ್ನು ಯೂ ಮರದ ಜೀವಕೋಶಗಳಿಂದ ತಯಾರಿಸುವ ವಿಧಾನಕ್ಕೆ ಬದಲಾಗಿದ್ದಕ್ಕೆ 2004ರಲ್ಲಿ ಅಲ್ಲಿನ ಸರ್ಕಾರದ ಹಸಿರು ರಸಾಯನ ಪ್ರಶಸ್ತಿ ಪಡೆಯಿತು. ಈ ಮೂರೂ ಉದಾಹರಣೆಗಳಲ್ಲಿ ಒಂದು ಸಾಮ್ಯವಿದೆ: ಮೂಲ ಸಸ್ಯ ನಿಧಾನವಾಗಿ ಬೆಳೆಯುವಂಥದ್ದು, ವಿರಳ, ಮತ್ತು ಅದರ ಉತ್ಪನ್ನ ತುಂಬಾ ದುಬಾರಿ. ಈ ಮೂರೂ ಒಟ್ಟಿಗೆ ಸೇರಿದಾಗ ಟ್ಯಾಂಕು ಗೆದ್ದಿದೆ.

ಅಶ್ವಗಂಧದ ಲೆಕ್ಕ

ಈಗ ನಮ್ಮ ಅಶ್ವಗಂಧಕ್ಕೆ ಬರೋಣ. ಕೊರೊನಾ ನಂತರ ಅಶ್ವಗಂಧದ ಗುಳಿಗೆ, ಪುಡಿ, ಗಮ್ಮಿ ಎಲ್ಲವೂ ಆನ್‌ಲೈನ್ ಅಂಗಡಿಗಳಲ್ಲಿ ಮುಂಚೂಣಿಗೆ ಬಂದಿವೆ. ಪ್ರಯೋಗಾಲಯದ ಬೇರಿನ ಸಂಶೋಧನೆಯಲ್ಲೂ ಹೆಚ್ಚು ಕೆಲಸ ಆಗಿರುವ ಭಾರತೀಯ ಗಿಡಗಳಲ್ಲಿ ಇದೊಂದು.

2008ರಲ್ಲಿ ಮೂರ್ತಿ, ಪೇಕ್ ಮತ್ತು ಸಹೋದ್ಯೋಗಿಗಳು ಅಶ್ವಗಂಧದ ಕೂದಲುಬೇರು ಬೆಳೆಸಿ, ಅದರಲ್ಲಿ ವಿಥನೊಲೈಡ್-ಎ ಎಂಬ ಸಂಯುಕ್ತವನ್ನು ಅಳೆದರು. ಒಣಗಿದ ಬೇರಿನ ಪ್ರತಿ ಗ್ರಾಮಿಗೆ 157.4 ಮೈಕ್ರೊಗ್ರಾಂ ಸಿಕ್ಕಿತು. ಬ್ಯಾಕ್ಟೀರಿಯಾ ಬಳಸದೆ ಬೆಳೆಸಿದ ಬೇರಿನಲ್ಲಿ ಸಿಕ್ಕಿದ್ದು 57.9 ಮೈಕ್ರೊಗ್ರಾಂ. ಅಂದರೆ 2.7 ಪಟ್ಟು ಹೆಚ್ಚು.

'2.7 ಪಟ್ಟು' ಎಂಬುದು ಸುದ್ದಿಯ ತಲೆಬರಹಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಎರಡು ವಿಷಯ ಗಮನಿಸಿ. ಮೊದಲನೆಯದು, ಈ ಹೋಲಿಕೆ ನಡೆದಿರುವುದು ಪ್ರಯೋಗಾಲಯದ ಎರಡು ಬೇರುಗಳ ನಡುವೆ, ರೈತನ ಹೊಲದ ಬೇರಿನ ಜೊತೆ ಅಲ್ಲ. ಎರಡನೆಯದು ಪ್ರಮಾಣ. ಗ್ರಾಮಿಗೆ 157 ಮೈಕ್ರೊಗ್ರಾಂ ಎಂದರೆ ಒಂದು ಕಿಲೊ ಒಣಬೇರಿಗೆ 157 ಮಿಲಿಗ್ರಾಂ, ಹೆಚ್ಚುಕಡಿಮೆ ಏಳೆಂಟು ಅಕ್ಕಿಕಾಳಿನ ತೂಕ. ಒಂದು ಕಿಲೊ ಒಣಬೇರು ಸಿಗಬೇಕಾದರೆ ಅದರ ಹಲವು ಪಟ್ಟು ಹಸಿಬೇರು ಬೆಳೆಸಬೇಕು. ಅದಕ್ಕೆ ಶುದ್ಧ ನೀರು, ಸಕ್ಕರೆ, ಹವಾನಿಯಂತ್ರಣ, ದಿನದ 24 ಗಂಟೆ ವಿದ್ಯುತ್, ತರಬೇತಿ ಪಡೆದ ಸಿಬ್ಬಂದಿ ಬೇಕು.

ಹೊಲದಲ್ಲಿ? ಮಧ್ಯಪ್ರದೇಶದ ನೀಮಚ್, ಮಂದಸೌರ್ ಭಾಗದ ರೈತ ಕಡಿಮೆ ನೀರಿನ ಹೊಲದಲ್ಲಿ ಐದಾರು ತಿಂಗಳಿಗೆ ಅಶ್ವಗಂಧ ಬೆಳೆದು ನೀಮಚ್ ಮಂಡಿಗೆ ಕ್ವಿಂಟಲ್ ಲೆಕ್ಕದಲ್ಲಿ ತರುತ್ತಾನೆ. ಆತನ ಗಿಡಕ್ಕೆ ಸಕ್ಕರೆಯನ್ನು ಕೊಂಡು ಹಾಕಬೇಕಾಗಿಲ್ಲ, ಅದು ಬಿಸಿಲಿನಿಂದ ತಾನೇ ಮಾಡಿಕೊಳ್ಳುತ್ತದೆ. ಎಷ್ಟೇ ಸುಧಾರಿಸಿದರೂ ಟ್ಯಾಂಕಿನ ಬೇರು ಸೋಲುವುದು ಇಲ್ಲೇ. ಬೇರಿಗೆ ಎಲೆ ಇಲ್ಲ. ಎಲೆ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಕಾರ್ಖಾನೆ ದುಡ್ಡು ಕೊಡಬೇಕು.

ಅಶ್ವಗಂಧ ಅಳಿವಿನಂಚಿನಲ್ಲೂ ಇಲ್ಲ, ಅದೊಂದು ಬೆಳೆ. ಅಲ್ಲಿನ ನಿಜವಾದ ಸಮಸ್ಯೆ ಕಲಬೆರಕೆ ಮತ್ತು ಗುಣಮಟ್ಟದ್ದು. ಬೇರಿನ ಜೊತೆ ಅಗ್ಗದ ಎಲೆ ಸೇರಿಸುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯವೇ 2021ರಲ್ಲಿ ತಯಾರಕರಿಗೆ ಸೂಚನೆ ಕೊಡಬೇಕಾಯಿತು. ಇದಕ್ಕೆ ಪರಿಹಾರ ತಪಾಸಣೆ, ಒಳ್ಳೆಯ ಬೀಜ ಮತ್ತು ರೈತನಿಗೆ ನ್ಯಾಯವಾದ ಬೆಲೆ. ಬಯೋರಿಯಾಕ್ಟರ್ ಅಲ್ಲ.

ಮಲೇರಿಯಾ ಔಷಧಿಯ ಪಾಠ

ಪ್ರಯೋಗಾಲಯ ಮತ್ತು ಹೊಲ ನೇರವಾಗಿ ಎದುರಾದಾಗ ಏನಾಗುತ್ತದೆ ಎಂಬುದಕ್ಕೆ ಮಲೇರಿಯಾ ಔಷಧಿ ಆರ್ಟಿಮಿಸಿನಿನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇದು ಎಲೆಯಿಂದ ಸಿಗುವ ಔಷಧಿ. ಪ್ರಯೋಗಾಲಯದ ವಿಧಾನವೂ ಬೇರಿನದಲ್ಲ, ಯೀಸ್ಟ್‌ನದು. ಆದರೂ ಲೆಕ್ಕಾಚಾರ ಒಂದೇ. ಚೀನಾ, ವಿಯೆಟ್ನಾಂ ಮತ್ತು ಪೂರ್ವ ಆಫ್ರಿಕಾದ ಸಣ್ಣ ರೈತರು ಈ ಗಿಡ ಬೆಳೆಯುತ್ತಾರೆ. ಅಮೆರಿಕದ ವಿಜ್ಞಾನಿ ಜೇ ಕೀಸ್ಲಿಂಗ್ ತಂಡ ಯೀಸ್ಟ್‌ನೊಳಗೆ ಗಿಡದ ವಂಶವಾಹಿಗಳನ್ನು ಸೇರಿಸಿ ಈ ಔಷಧಿಯ ಹಿಂದಿನ ಹಂತದ ಆಮ್ಲವನ್ನು ತಯಾರಿಸಿತು. ಸನೋಫಿ ಕಂಪನಿ 2013ರಲ್ಲಿ ಇಟಲಿಯ ಗರೆಸ್ಸಿಯೊ ಘಟಕದಲ್ಲಿ ದೊಡ್ಡ ಪ್ರಮಾಣದ ಉತ್ಪಾದನೆ ಆರಂಭಿಸಿತು. ಸಂಶ್ಲೇಷಿತ ಜೀವವಿಜ್ಞಾನದ ಮಹಾ ಗೆಲುವು ಎಂದು ಜಗತ್ತು ಕೊಂಡಾಡಿತು.

ಆದರೆ ಮಾರುಕಟ್ಟೆ ಬೇರೆಯೇ ಹೇಳಿತು. ಲಾಭವಿಲ್ಲದೆ ಕೊಟ್ಟರೂ ಸನೋಫಿಯ ಬೆಲೆ ಕಿಲೊಗೆ 350ರಿಂದ 400 ಡಾಲರ್. ರೈತರ ಬೆಳೆ ಹೆಚ್ಚಾಗಿ ಎಲೆಯಿಂದ ತೆಗೆದ ಆರ್ಟಿಮಿಸಿನಿನ್ ಬೆಲೆ 250 ಡಾಲರ್‌ಗಿಂತ ಕೆಳಗೆ ಇಳಿಯಿತು. 2015ರಲ್ಲಿ ಸನೋಫಿ ಒಂದು ಗ್ರಾಂ ಕೂಡ ತಯಾರಿಸಲಿಲ್ಲ. ಮರುವರ್ಷ ಘಟಕವೇ ಬೇರೆ ಕಂಪನಿಯ ಕೈಗೆ ಹೋಯಿತು.

ಇದರಲ್ಲಿ ರೈತ ಗೆದ್ದ ಎಂದು ಖುಷಿಪಡುವ ಮೊದಲು ಒಂದು ಮಾತು. 250 ಡಾಲರ್‌ಗೆ ಇಳಿದ ಬೆಲೆ ರೈತನಿಗೂ ಲಾಭ ತರಲಿಲ್ಲ. ಪ್ರಯೋಗಾಲಯದ ಉತ್ಪನ್ನ ಮಾರುಕಟ್ಟೆಗೆ ಬಾರದಿದ್ದರೂ, ಬರಬಹುದು ಎಂಬ ಸುದ್ದಿಯೇ ಬೆಳೆಗಾರರಲ್ಲಿ ಆತಂಕ ಹುಟ್ಟಿಸುತ್ತದೆ. ನಮ್ಮಲ್ಲಿ ಬೆಳಗಾವಿ ಭಾಗದಲ್ಲಿ ಉಪ್ಪಿನಕಾಯಿಗೆಂದು ಬೆಳೆಯುತ್ತಿದ್ದ ಮಾಕಂದಿ ಬೇರಿನಿಂದ (ಕೋಲಿಯಸ್) ಸಿಗುವ ಫೋರ್ಸ್‌ಕೋಲಿನ್ ಅನ್ನು 1970ರ ದಶಕದಲ್ಲಿ ಗುರುತಿಸಿದ್ದು ಮುಂಬೈನಲ್ಲಿದ್ದ ಹೋಕ್ಸ್ಟ್ ಸಂಶೋಧನಾ ಕೇಂದ್ರ. ನಂತರ ಈ ಬೇರು ಕಂಪನಿಗಳ ಗುತ್ತಿಗೆ ಬೆಳೆಯಾಯಿತು. ಇದರ ಕೂದಲುಬೇರೂ ಪ್ರಯೋಗಾಲಯದಲ್ಲಿ ಸಿದ್ಧವಾಗಿದೆ. ಗುತ್ತಿಗೆ ಬೆಳೆಯ ರೈತನಿಗೆ ಇಂಥ ಬದಲಾವಣೆಯ ಮುನ್ಸೂಚನೆ ಕೊಡುವ ವ್ಯವಸ್ಥೆ ನಮ್ಮಲ್ಲಿ ಇದೆಯೇ ಎಂದು ಕೇಳಿಕೊಳ್ಳಬೇಕು.

ಎಲ್ಲಿ ಇದು ಬೇಕೇ ಬೇಕು?

ಹಾಗಾದರೆ ಟ್ಯಾಂಕಿನ ಬೇರಿಗೆ ನಮ್ಮಲ್ಲಿ ಕೆಲಸವೇ ಇಲ್ಲವೇ? ಖಂಡಿತ ಇದೆ. ಆದರೆ ಅದು ಹೆಚ್ಚು ಸುದ್ದಿಯಾಗದ ಗಿಡಗಳಲ್ಲಿದೆ.

ಮುಂಬೈ, ಪುಣೆಯ ಓದುಗರಿಗೆ 'ನರಕ್ಯಾ' ಎಂಬ ಮರದ ಹೆಸರು ಕೇಳಿ ಗೊತ್ತಿರಬಹುದು. ಕೊಂಕಣದಲ್ಲಿ ಆ ಹೆಸರು, ಶಿರಸಿ ಕಡೆ 'ದುರ್ವಾಸನೆ ಮರ'. ಇದರ ಕಾಂಡ ಮತ್ತು ಬೇರಿನಲ್ಲಿ ಕ್ಯಾಂಪ್ಟೊಥೆಸಿನ್ ಇದೆ. ಈ ಸಂಯುಕ್ತವನ್ನು 1966ರಲ್ಲಿ ಚೀನಾದ ಮರವೊಂದರಿಂದ ಬೇರ್ಪಡಿಸಿದವರು ಅಮೆರಿಕದ ಮನ್ರೊ ವಾಲ್ ಮತ್ತು ಮನ್ಸುಖ್ ವಾನಿ. ವಾನಿ ಹುಟ್ಟಿದ್ದು ಮಹಾರಾಷ್ಟ್ರದ ನಂದೂರಬಾರ್‌ನಲ್ಲಿ, ಓದಿದ್ದು ಬಾಂಬೆ ವಿಶ್ವವಿದ್ಯಾಲಯದಲ್ಲಿ. ಇದರಿಂದ ರೂಪುಗೊಂಡ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಎಂಬ ಎರಡು ಕ್ಯಾನ್ಸರ್ ಔಷಧಗಳಿಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬೇಡಿಕೆ ಏರಿದಂತೆ ಸಹ್ಯಾದ್ರಿಯಲ್ಲಿ ಕೊಡಲಿ ಬಿದ್ದಿದ್ದು ನರಕ್ಯಾ ಮರಗಳಿಗೆ. ಔಷಧಿ ಕಂಪನಿಗೆ ಬೇಕಾದದ್ದು ಒಂದು ಅಣು, ಕಾಡು ಕೊಟ್ಟಿದ್ದು ಇಡೀ ಮರ.

ಇದೇ ಅಣುವನ್ನು ಜಪಾನಿನ ಚಿಬಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಓಫಿಯೊರೈಜಾ ಪುಮಿಲಾ ಎಂಬ ಪುಟ್ಟ ಗಿಡದ ಕೂದಲುಬೇರಿನಲ್ಲಿ ಪಡೆದರು. 2001ರಲ್ಲಿ ಪ್ರಕಟವಾದ ಈ ಕೆಲಸದ ವಿಶೇಷವೆಂದರೆ, ಬೇರು ಸಂಯುಕ್ತದ ಒಂದಷ್ಟು ಭಾಗವನ್ನು ತಾನೇ ದ್ರಾವಣಕ್ಕೆ ಬಿಡುತ್ತಿತ್ತು. ಬೇರನ್ನು ಕೊಲ್ಲದೆ, ಹಸು ಕರೆದಂತೆ ದ್ರಾವಣದಿಂದ ಸಂಯುಕ್ತ ತೆಗೆಯುವ ಸಾಧ್ಯತೆ ಇದು. ನಿಧಾನವಾಗಿ ಬೆಳೆಯುವ ಸಸ್ಯ, ದುಬಾರಿ ಅಣು, ಕಾಡಿನ ಮೇಲೆ ಒತ್ತಡ. ಮೇಲೆ ಹೇಳಿದ ಮೂರೂ ಲಕ್ಷಣಗಳು ಇಲ್ಲಿವೆ.

ಸರ್ಪಗಂಧದ ಕಥೆಯೂ ಹೀಗೇ. 1931ರಲ್ಲಿ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಇದರ ಬೇರಿನಿಂದ ಸಂಯುಕ್ತವೊಂದನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನ್ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬೈನ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್ ಈ ಬೇರು ರಕ್ತದೊತ್ತಡ ಇಳಿಸುತ್ತದೆ ಎಂದು ಬ್ರಿಟಿಷ್ ವೈದ್ಯಕೀಯ ನಿಯತಕಾಲಿಕೆಯಲ್ಲಿ ಬರೆದ ಮೇಲೆ ಜಗತ್ತಿನ ಕಣ್ಣು ಇದರ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಇದರಿಂದ ರಿಸರ್ಪಿನ್ ಬೇರ್ಪಡಿಸಿತು. ಆಮೇಲೆ ಶುರುವಾದ ಅಗೆತದ ಫಲ: ಇಂದು ಸರ್ಪಗಂಧದ ಅಂತಾರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯ ನಿಯಂತ್ರಣದಲ್ಲಿದೆ. ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯ (ಸಿಮ್ಯಾಪ್) ವಿಜ್ಞಾನಿಗಳು ಇದರ ಕೂದಲುಬೇರಿನ ಮೇಲೆ ಕೆಲಸ ಮಾಡಿದ್ದಾರೆ.

ಆದರೆ ಒಂದು ಮಿತಿ ಇಲ್ಲೂ ಇದೆ. ಆಧುನಿಕ ಔಷಧಿ ಕಂಪನಿ ಕೇಳುವುದು ಅಣುವನ್ನು, ಆಯುರ್ವೇದ ಕೇಳುವುದು ಬೇರನ್ನು. ದಶಮೂಲಾರಿಷ್ಟಕ್ಕೆ ಬೇಕಾದ ಹತ್ತು ಬೇರುಗಳಲ್ಲಿ ಐದು ಬಿಲ್ವ, ಶಿವನಿಯಂಥ ಮರಗಳವು. ಅವು ಟನ್ ಲೆಕ್ಕದಲ್ಲಿ ಬೇಕು. ಅದನ್ನು ಟ್ಯಾಂಕಿನಲ್ಲಿ ಬೆಳೆಸಿ ಪೂರೈಸುವುದು ಕನಸಿನ ಮಾತು. ಅಲ್ಲಿ ಮರ ನೆಡುವುದೇ ದಾರಿ.

ಕಾನೂನು ಎಲ್ಲಿ ನಿಂತಿದೆ?

ವಿಜ್ಞಾನ ಇಷ್ಟು ದೂರ ಬಂದಿದೆ. ನಿಯಮಗಳು ಮೂರು ಪ್ರಶ್ನೆಗಳಿಗೆ ನೇರ ಉತ್ತರ ಕೊಡಬೇಕಿದೆ.

ಒಂದು, ಹೆಸರಿನ ಪ್ರಶ್ನೆ. ಭಾರತೀಯ ಆಯುರ್ವೇದ ಫಾರ್ಮಕೋಪಿಯಾದ ಪ್ರಕಾರ ಅಶ್ವಗಂಧ ಎಂದರೆ ಆ ಗಿಡದ ಬಲಿತು ಒಣಗಿದ ಬೇರು. ಮಣ್ಣು ಕಾಣದೆ ಟ್ಯಾಂಕಿನಲ್ಲಿ ವಾರಗಳಲ್ಲಿ ಬೆಳೆದ ಎಳೆಯ ಬೇರು ಈ ವ್ಯಾಖ್ಯೆಗೆ ಒಪ್ಪುತ್ತದೆಯೇ? ಒಂದು ಸಂಯುಕ್ತ ಹೆಚ್ಚಿದ್ದ ಮಾತ್ರಕ್ಕೆ ಉಳಿದ ಸಂಯುಕ್ತಗಳ ಅನುಪಾತವೂ ಅದೇ ಎಂದಲ್ಲ. ಕೊಳ್ಳುವವರಿಗೆ ಲೇಬಲ್ಲಿನಲ್ಲಿ ಈ ವಿಷಯ ತಿಳಿಯಬೇಕು.

ಎರಡು, ಕುಲಾಂತರಿ ಪ್ರಶ್ನೆ. ಕೂದಲುಬೇರಿನ ವಂಶವಾಹಿಯಲ್ಲಿ ಬ್ಯಾಕ್ಟೀರಿಯಾದ ತುಣುಕಿದೆ. ಬಿಟಿ ಹತ್ತಿ ರೂಪಿಸಲು ಬಳಸಿದ್ದೂ ಇದರ ಹತ್ತಿರದ ಬ್ಯಾಕ್ಟೀರಿಯಾವನ್ನೇ. ಹಾಗಾದರೆ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ಕುಲಾಂತರಿ ನಿಯಮಗಳು ಇದಕ್ಕೆ ಎಷ್ಟರಮಟ್ಟಿಗೆ ಅನ್ವಯ? ಮನುಷ್ಯ ಯಾವ ವಂಶವಾಹಿಯನ್ನೂ ಕತ್ತರಿಸಿ ಜೋಡಿಸಿಲ್ಲ, ಪ್ರಕೃತಿಯಲ್ಲೂ ಇದು ನಡೆಯುತ್ತದೆ ಎಂಬ ವಾದವಿದೆ. ನಾವು ತಿನ್ನುವ ಗೆಣಸಿನಲ್ಲೇ ಇಂಥ ಬ್ಯಾಕ್ಟೀರಿಯಾದ ಡಿಎನ್‌ಎ ಸಹಜವಾಗಿ ಸೇರಿಕೊಂಡಿರುವುದು 2015ರಲ್ಲಿ ಬೆಳಕಿಗೆ ಬಂತು. ಆದರೆ ವಾದ ಬೇರೆ, ಅನುಮತಿ ಬೇರೆ. ಕೊರಿಯಾದ ಜಿನ್ಸೆಂಗ್ ಬೇರು ಮೊದಲ ದಾರಿಯದು, ಬ್ಯಾಕ್ಟೀರಿಯಾ ಇಲ್ಲದ್ದು. ಹಾಗಾಗಿ ಅದಕ್ಕೆ ಈ ತಲೆನೋವಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಪಾಲಿನ ಪ್ರಶ್ನೆ. ಜೈವಿಕ ಸಂಪನ್ಮೂಲ ಬಳಸುವ ದೇಶೀ ಕಂಪನಿಗಳೂ ಸ್ಥಳೀಯ ಸಮುದಾಯಗಳೊಂದಿಗೆ ಲಾಭ ಹಂಚಿಕೊಳ್ಳಬೇಕು ಎಂದು ಉತ್ತರಾಖಂಡ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ ದಿವ್ಯ ಫಾರ್ಮಸಿ ಪ್ರಕರಣದಲ್ಲಿ ಹೇಳಿತ್ತು. ಬಳಿಕ 2023ರಲ್ಲಿ ಜೀವವೈವಿಧ್ಯ ಕಾಯ್ದೆಗೆ ತಿದ್ದುಪಡಿ ಬಂದು, 2024ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ ಪ್ರಕಾರ 'ಕೃಷಿ ಮಾಡಿದ' ಔಷಧಿ ಸಸ್ಯಗಳು ಮತ್ತು ಅವುಗಳ ಉತ್ಪನ್ನಗಳಿಗೆ ವಿನಾಯಿತಿ ಇದೆ. ಅದಕ್ಕೆ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಿಂದ ಮೂಲ ಪ್ರಮಾಣಪತ್ರ ಬೇಕು.

ರೈತ ಬೆಳೆದದ್ದಕ್ಕೆ ವಿನಾಯಿತಿ ಕೊಡುವುದು ಸರಿ. ಆದರೆ ಕಾಡಿನಿಂದ ಒಮ್ಮೆ ತಂದ ಒಂದು ತುಂಡಿನಿಂದ ನಗರದ ಟ್ಯಾಂಕಿನಲ್ಲಿ ವರ್ಷಗಟ್ಟಲೆ ಬೆಳೆಯುವ ಬೇರು 'ಕೃಷಿ'ಯೇ? ಹೌದು ಎಂದರೆ ಅದರ ಮೂಲ ಯಾವುದು, ಟ್ಯಾಂಕಿರುವ ಕೈಗಾರಿಕಾ ಪ್ರದೇಶವೋ, ತುಂಡು ಬಂದ ಬೆಟ್ಟವೋ? ಪ್ರಮಾಣಪತ್ರ ಕೊಡುವ ಸಮಿತಿ ಯಾವುದು? ಕಾಡಿನ ಬೇರನ್ನು ಪ್ರತಿ ವರ್ಷ ಕೊಳ್ಳುವವರೆಗೆ ಸಂಗ್ರಹಿಸುವವರಿಗೆ ಕೂಲಿಯಾದರೂ ಸಿಗುತ್ತಿತ್ತು. ಟ್ಯಾಂಕಿಗೆ ಕಾಡು ಬೇಕಾಗಿರುವುದು ಒಂದೇ ಒಂದು ಸಲ. ಆ ಒಂದು ಸಲದಲ್ಲೇ ಪಾಲು ನಿಗದಿಯಾಗದಿದ್ದರೆ ಮತ್ತೆಂದೂ ಆಗದು.

ಮತ್ತೆ ಮಾಗಳಿ ಬೇರಿಗೆ

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಮಾಗಳಿ ಬೇರು ಬಲ್ಲವರು. ಯಾವ ಬಂಡೆಯ ಸಂದಿನಲ್ಲಿ ಬಳ್ಳಿ ಇರುತ್ತದೆ, ಎಷ್ಟು ಅಗೆದರೆ ಮತ್ತೆ ಚಿಗುರುತ್ತದೆ ಎಂಬುದು ಅವರಿಗೆ ಗೊತ್ತು. 2011ರಲ್ಲಿ ಅವರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕೂ ಸಿಕ್ಕಿದೆ. ಮೈಸೂರಿನ ಪ್ರಯೋಗಾಲಯ ಆ ಬೆಟ್ಟದಿಂದ ದೂರವೇನಿಲ್ಲ.

ಮಾಗಳಿ ಬೇರಿಗೆ ಎರಡು ಮಾರುಕಟ್ಟೆಗಳಿವೆ. ಒಂದಕ್ಕೆ ಬೇಕಾಗಿರುವುದು ಪರಿಮಳದ ಸಂಯುಕ್ತ: ಆಹಾರ ಮತ್ತು ಪಾನೀಯ ತಯಾರಕರು. ಅವರ ಬೇಡಿಕೆಯನ್ನು ಟ್ಯಾಂಕು ಪೂರೈಸಬಹುದು, ಪೂರೈಸಬೇಕು. ಇನ್ನೊಂದಕ್ಕೆ ಬೇಕಾಗಿರುವುದು ಕಚ್ಚಿದರೆ ಕಟುಕ್ ಎನ್ನುವ, ಮಜ್ಜಿಗೆಯಲ್ಲಿ ನೆನೆಯುವ ಬೇರು. ಕೂದಲಿನಷ್ಟು ತೆಳುವಾದ ಬೇರಿನಿಂದ ಉಪ್ಪಿನಕಾಯಿ ಆಗದು. ಅದು ಹಿತ್ತಲಲ್ಲೋ ಬೆಟ್ಟದ ಅಂಚಿನ ಹೊಲದಲ್ಲೋ ಬೆಳೆದು ಬರಬೇಕು. ಅಂಗಾಂಶ ಕೃಷಿಯಿಂದ ಸಸಿ ಮಾಡಿ ಬೆಳೆಗಾರರಿಗೆ ಕೊಡುವುದೂ ಅದೇ ಪ್ರಯೋಗಾಲಯ ಮಾಡಬಲ್ಲ ಕೆಲಸ. ಬಯೋರಿಯಾಕ್ಟರಿನಷ್ಟು ಆಕರ್ಷಕವಲ್ಲ, ಆದರೆ ಅದಕ್ಕಿಂತ ಅಗ್ಗ.

ಆದ್ದರಿಂದ ಮು೦ದಿನ ಸಲ 'ಪ್ರಯೋಗಾಲಯದಲ್ಲಿ ಔಷಧಿ ಬೇರು' ಎಂಬ ಸುದ್ದಿ ಕಂಡಾಗ ಮೂರು ಪ್ರಶ್ನೆ ಕೇಳಿ. ಆ ಗಿಡ ನಿಜಕ್ಕೂ ಕಾಡಿನಿಂದ ಮರೆಯಾಗುತ್ತಿದೆಯೇ, ಇಲ್ಲವೇ ರೈತನೊಬ್ಬ ಬೆಳೆಯುತ್ತಿರುವ ಬೆಳೆಯೇ? ಎಷ್ಟು ಪಟ್ಟು ಹೆಚ್ಚು ಎನ್ನುವ ಲೆಕ್ಕ ಹೊಲದ ಬೇರಿಗೆ ಹೋಲಿಸಿದ್ದೋ, ಇನ್ನೊಂದು ಪಾತ್ರೆಯ ಬೇರಿಗೋ? ಮೊದಲ ತುಂಡು ಎಲ್ಲಿಂದ ಬಂತು, ಅಲ್ಲಿಯವರಿಗೆ ಏನು ಸಿಕ್ಕಿತು?

ಮೂರಕ್ಕೂ ಸಮಾಧಾನಕರ ಉತ್ತರ ಸಿಕ್ಕರೆ ಆ ಸುದ್ದಿಗೆ ಸಂತೋಷಪಡಬಹುದು. ಸಿಗದಿದ್ದರೆ ಅದು ಟ್ಯಾಂಕಿನ ಸುದ್ದಿ ಮಾತ್ರ. ಕಾಡಿನ ಬೇರನ್ನು ಅಗೆಯುವ ಗುದ್ದಲಿ ಅದರಿಂದ ನಿಲ್ಲುವುದಿಲ್ಲ.